ರಕ್ತ ಕಂಡ ಕೂಡಲೇ ಪೈಲ್ಸ್ ಅಂದುಕೊಳ್ಳಬೇಡಿ: ದೊಡ್ಡ ಕರುಳಿನ ಕ್ಯಾನ್ಸರ್ ಸೂಚನೆ ಗುರುತಿಸುವುದು ಹೇಗೆ?

ಮಂಡಿ ನೋವಿದ್ದರೆ ಪರಿಚಯ ಇಲ್ಲದವರ ಹತ್ತಿರವೂ ಹೇಳಿಕೊಳ್ಳುತ್ತೇವೆ. ಬಿಪಿ, ಶುಗರ್ ಅಂತೂ ಮಾತು ಶುರು ಮಾಡುವ ವಿಷಯವೇ ಆಗಿಬಿಟ್ಟಿದೆ. ಆದರೆ "ಹದಿನೈದು ದಿನದಿಂದ ಮೋಷನ್‌ನಲ್ಲಿ ರಕ್ತ ಕಾಣ್ತಾ ಇದೆ" ಅನ್ನುವ ಮಾತನ್ನು ಮನೆಯವರ ಎದುರಿಗೂ ಬಾಯಿ ಬಿಡುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ತಡವಾಗಿ ಗೊತ್ತಾಗಲು ಈ ನಾಚಿಕೆಯೂ ಒಂದು ಕಾರಣ.

ಇನ್ನೊಂದು ತೊಡಕಿದೆ. ಈ ಕಾಯಿಲೆಯ ಸೂಚನೆಗಳೆಲ್ಲ ನಮಗೆ ಮೊದಲೇ ಪರಿಚಯ ಇರುವಂಥವು. ಮಲಬದ್ಧತೆ, ಗ್ಯಾಸ್, ಸುಸ್ತು, ಪೈಲ್ಸ್. ಬಹುಪಾಲು ಸಲ ಅವುಗಳ ಕಾರಣ ಕ್ಯಾನ್ಸರ್ ಆಗಿರುವುದೂ ಇಲ್ಲ. ಹಾಗಾಗಿ ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿದರೆ ಸುಮ್ನೆ ಹೆದರಿಕೆ ಜಾಸ್ತಿ ಆಗುತ್ತದೆ, ಅಷ್ಟೇ. ನನ್ನ ಪ್ರಕಾರ ಕೇಳಿಕೊಳ್ಳಬೇಕಾದದ್ದು ಮೂರೇ ಪ್ರಶ್ನೆ. ಇದು ನನಗೆ ಹೊಸದಾ? ಬಂದದ್ದು ಹೋಗದೆ ನಿಂತಿದೆಯಾ? ಇದರ ಜೊತೆ ಇನ್ನೇನಾದರೂ ಸೇರಿಕೊಂಡಿದೆಯಾ?

ಹೆಜ್ಜೆ 1: ಕರುಳಿನ ನಕ್ಷೆ ತಲೆಯಲ್ಲಿ ಇಟ್ಟುಕೊಳ್ಳಿ

ಇದು ಪಾಠದ ಹಾಗೆ ಅನ್ನಿಸಬಹುದು. ಆದರೆ ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಹೊಟ್ಟೆಯ ಬಲಗಡೆ ಕೆಳಗೆ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಅಡ್ಡಲಾಗಿ ಎಡಕ್ಕೆ ಬಂದು, ಎಡಗಡೆ ಕೆಳಗಿಳಿದು, ಒಂದು ತಿರುವು ತೆಗೆದುಕೊಂಡು ಗುದನಾಳ ಸೇರುತ್ತದೆ. ಬಲಗಡೆ ಕರುಳು ಅಗಲ, ಒಳಗಿರುವ ಮಲ ಇನ್ನೂ ನೀರಾಗಿರುತ್ತದೆ. ಎಡಕ್ಕೆ ಬರುವಷ್ಟರಲ್ಲಿ ಕರುಳು ಕಿರಿದಾಗುತ್ತದೆ, ಮಲ ಗಟ್ಟಿಯಾಗುತ್ತದೆ.

ಬಲಗಡೆ ಗಡ್ಡೆ ಬೆಳೆದರೆ ನೀರು ಮಲ ಪಕ್ಕದಲ್ಲೇ ಜಾರಿ ಹೋಗುತ್ತದೆ. ಅಡ್ಡಿ ಆಗುವುದಿಲ್ಲ, ನೋವೂ ಇಲ್ಲ. ಗಡ್ಡೆಯಿಂದ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ರಕ್ತ ಜಿನುಗುತ್ತದೆ, ಅದು ಮಲದಲ್ಲಿ ಬೆರೆತು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಸಿಗುವ ಮೊದಲ ಸುಳಿವು ಹೊಟ್ಟೆಯದ್ದಲ್ಲ, ಸುಸ್ತು. ಎಡಗಡೆ ಬೆಳೆದರೆ ದಾರಿ ಕಟ್ಟುತ್ತದೆ, ಮೋಷನ್‌ನ ರೀತಿ ಬದಲಾಗುತ್ತದೆ. ಗುದನಾಳದಲ್ಲಿ ಬೆಳೆದರೆ ಕೆಂಪು ರಕ್ತ ನೇರವಾಗಿ ಕಾಣುತ್ತದೆ. ಕಾಯಿಲೆ ಒಂದೇ, ಜಾಗ ಬದಲಾದರೆ ಮುಖ ಬೇರೆ.

ಈ ಗಡ್ಡೆ ರಾತ್ರೋರಾತ್ರಿ ಹುಟ್ಟುವುದಿಲ್ಲ. ಬಹುಪಾಲು ಒಂದು ಸಣ್ಣ ಪಾಲಿಪ್‌ನಿಂದ, ಅಂದರೆ ಕರುಳಿನ ಒಳಪದರದ ಮೇಲಿನ ಗುಳ್ಳೆಯಂಥ ಬೆಳವಣಿಗೆಯಿಂದ ಶುರುವಾಗುತ್ತದೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ಹಿಡಿಯುತ್ತದೆ. ಇಷ್ಟು ನಿಧಾನ ಇರುವುದರಿಂದಲೇ ಇದನ್ನು ಮೊದಲೇ ಹಿಡಿಯಲು ಸಾಧ್ಯ. ಆದರೆ ಆ ಹತ್ತು ವರ್ಷದಲ್ಲಿ ಹೆಚ್ಚಿನ ಕಾಲ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ ಅನ್ನುವುದನ್ನೂ ಮರೆಯಬೇಡಿ.

ಹೆಜ್ಜೆ 2: ನಿಮ್ಮ ಮಾಮೂಲು ಯಾವುದು ಅಂತ ತಿಳಿದುಕೊಳ್ಳಿ

ದಿನಕ್ಕೆ ಮೂರು ಸಲ ಹೋಗುವವರೂ ಸರಿ, ವಾರಕ್ಕೆ ಮೂರು ಸಲ ಹೋಗುವವರೂ ಸರಿ. ಪಕ್ಕದವರಿಗೆ ಹೋಲಿಸಬೇಡಿ. ನಿಮ್ಮದು ಯಾವ ಹೊತ್ತಿಗೆ, ಎಷ್ಟು ಸಲ, ಯಾವ ಹದದಲ್ಲಿ ಅನ್ನುವುದು ನಿಮಗೆ ಗೊತ್ತಿರಬೇಕು. ಹದ ಹೇಳಲು ಬ್ರಿಸ್ಟಲ್ ಚಾರ್ಟ್ ಅಂತ ಒಂದು ಚಿತ್ರಪಟ ಇದೆ. ಮಲವನ್ನು ಗಟ್ಟಿ ಉಂಡೆಯಿಂದ ಪೂರ್ತಿ ನೀರಿನವರೆಗೆ ಏಳು ಬಗೆಯಾಗಿ ತೋರಿಸುತ್ತದೆ. ಡಾಕ್ಟರ ಹತ್ತಿರ ವಿವರಿಸಲು ಮುಜುಗರ ಆಗುವವರಿಗೆ ಇದೊಂದು ವರ. "ನನಗೆ ಮೊದಲು ನಾಲ್ಕು ಇತ್ತು, ಈಗ ಆರು" ಅಂದರೆ ಸಾಕು, ಅವರಿಗೆ ಅರ್ಥ ಆಗುತ್ತದೆ.

ಮತ್ತೆ, ಫ್ಲಶ್ ಮಾಡುವ ಮೊದಲು ಒಂದು ಸಲ ತಿರುಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಸಹ್ಯ ಅನ್ನಿಸಿದರೂ ಇದಕ್ಕಿಂತ ಅಗ್ಗದ ತಪಾಸಣೆ ಇನ್ನೊಂದಿಲ್ಲ. ಕೆಂಪು ಹಸಿರು ಬಣ್ಣ ಬೇರೆ ಮಾಡಲು ಕಷ್ಟ ಇರುವವರಿಗೆ ರಕ್ತ ಗೊತ್ತಾಗದೆ ಹೋಗಬಹುದು. ಅಂಥವರು ಅನುಮಾನ ಬಂದ ದಿನ ಮನೆಯವರಿಗೆ ತೋರಿಸುವುದೇ ಸರಿ.

ಹೆಜ್ಜೆ 3: ರಕ್ತ ಕಂಡರೆ ಏನು ನೋಡಬೇಕು

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ರಕ್ತ ಕಂಡಿತು, ಪೈಲ್ಸ್ ಇರಬೇಕು, ಕ್ರೀಮ್ ತಂದರಾಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಪೈಲ್ಸ್ ಬಹಳ ಸಾಮಾನ್ಯ, ಅದು ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ತೊಂದರೆ ಏನೆಂದರೆ, ಪೈಲ್ಸ್ ಇರುವವರಿಗೆ ಕ್ಯಾನ್ಸರ್ ಬರಬಾರದು ಅಂತ ನಿಯಮ ಇಲ್ಲವಲ್ಲ! ಎರಡೂ ಒಟ್ಟಿಗೆ ಇರಬಹುದು. ಹತ್ತು ವರ್ಷದಿಂದ ಪೈಲ್ಸ್ ಇದ್ದವರಿಗೆ ಹನ್ನೊಂದನೇ ವರ್ಷ ಬರುವ ರಕ್ತ ಬೇರೆ ಕಡೆಯದಾಗಿರಬಹುದು.

ಪೈಲ್ಸ್ ರಕ್ತ ಸಾಮಾನ್ಯವಾಗಿ ಮೋಷನ್ ಆದ ಮೇಲೆ ಹನಿಹನಿಯಾಗಿ ಬೀಳುತ್ತದೆ, ಅಥವಾ ಮಲದ ಮೇಲೆ ಸವರಿದ ಹಾಗೆ ಕಾಣುತ್ತದೆ. ಬಣ್ಣ ತಿಳಿಕೆಂಪು. ತುರಿಕೆ ಇರಬಹುದು, ಕೈಗೆ ಗಂಟು ಸಿಗಬಹುದು. ಗುದದ್ವಾರದ ಚರ್ಮ ಸೀಳಿದ್ದರೆ, ಅಂದರೆ ಫಿಶರ್ ಇದ್ದರೆ, ರಕ್ತದ ಜೊತೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಉರಿ. ಇನ್ನೂ ಮೇಲಿನಿಂದ ಬರುವ ರಕ್ತ ಮಲದ ಒಳಗೇ ಬೆರೆತಿರುತ್ತದೆ, ಬಣ್ಣ ಗಾಢ ಕೆಂಪು ಅಥವಾ ಕಂದುಗೆಂಪು, ಜೊತೆಗೆ ಲೋಳೆ ಇರಬಹುದು. ನೋವೇ ಇಲ್ಲದೆ ಬರುವ ರಕ್ತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೋವಿಲ್ಲ ಅಂದರೆ ತೊಂದರೆ ಇಲ್ಲ ಅಂತ ನಾವು ನಂಬಿಬಿಟ್ಟಿದ್ದೇವೆ. ಕರುಳಿನ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಈ ವ್ಯತ್ಯಾಸ ನೋಡಿ ನೀವೇ ತೀರ್ಪು ಕೊಡಬೇಡಿ. ಗುದನಾಳದ ಕೆಳಭಾಗದ ಗಡ್ಡೆಯ ರಕ್ತವೂ ಪೈಲ್ಸ್ ರಕ್ತದ ಹಾಗೆಯೇ ತಿಳಿಕೆಂಪಾಗಿರುತ್ತದೆ. ನೋಡಿದ್ದನ್ನು ಡಾಕ್ಟರಿಗೆ ಸರಿಯಾಗಿ ಹೇಳಲಿಕ್ಕೆ ಮಾತ್ರ ಈ ವಿವರ.

ಕಪ್ಪು ಮಲದ್ದು ಬೇರೆ ಕತೆ. ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅದು ಹೆಚ್ಚಾಗಿ ಜಠರ ಅಥವಾ ಸಣ್ಣ ಕರುಳಿನ ಮೇಲ್ಭಾಗದ ರಕ್ತಸ್ರಾವ, ಕೆಲವೊಮ್ಮೆ ಬಲಗಡೆ ದೊಡ್ಡ ಕರುಳಿನದ್ದು. ಅಂದೇ ಆಸ್ಪತ್ರೆಗೆ ಹೋಗಬೇಕಾದ ವಿಷಯ. ಆದರೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೂ ಮಲ ಕಪ್ಪಗಾಗುತ್ತದೆ, ಅಷ್ಟು ಅಂಟು ಇರುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಂಪಾಗಿ ಕಂಡರೆ ಗಾಬರಿ ಬೀಳಬೇಡಿ. ಎರಡು ದಿನ ಅದನ್ನು ಬಿಟ್ಟು ನೋಡಿ.

ಹೆಜ್ಜೆ 4: ಮೋಷನ್ ರೀತಿ ಬದಲಾಗಿದೆಯೇ?

ಊಟ ಬದಲಾದರೆ, ಪ್ರಯಾಣ ಮಾಡಿದರೆ, ಹೊಸ ಮಾತ್ರೆ ಶುರು ಮಾಡಿದರೆ ಹೊಟ್ಟೆ ಕೆಡುವುದು ಸಹಜ. ನಾಲ್ಕೈದು ದಿನದಲ್ಲಿ ಸರಿಹೋಗುತ್ತದೆ. ಕಾರಣ ಇಲ್ಲದೆ ಬದಲಾಗಿ ಮೂರು ವಾರ ಕಳೆದರೂ ಹಾಗೇ ಇದ್ದರೆ ತೋರಿಸಬೇಕು.

ಯಾವತ್ತೂ ಇಲ್ಲದ ಮಲಬದ್ಧತೆ, ಅಥವಾ ಯಾವತ್ತೂ ಇಲ್ಲದ ಭೇದಿ. ಇನ್ನು ಕೆಲವರಿಗೆ ಮೂರು ದಿನ ಕಟ್ಟುವುದು, ಎರಡು ದಿನ ನೀರಾಗಿ ಹೋಗುವುದು, ಹೀಗೆ ಎರಡೂ ಸರದಿ ಮೇಲೆ ಬರುತ್ತವೆ. ಕಟ್ಟಿದ ಜಾಗದ ಹಿಂದೆ ಮಲ ಸೇರಿ, ನೀರಾಗಿದ್ದದ್ದು ಮಾತ್ರ ಸಂದಿಯಲ್ಲಿ ಜಾರಿ ಬರುವುದೂ ಉಂಟು. ಅದನ್ನು ಭೇದಿ ಅಂದುಕೊಂಡು ಮಾತ್ರೆ ನುಂಗಿದರೆ ಕಟ್ಟುವುದು ಇನ್ನೂ ಜಾಸ್ತಿ ಆಗುತ್ತದೆ.

ಹೋಗಿ ಬಂದರೂ ಇನ್ನೂ ಇದೆ ಅನ್ನಿಸುವುದು, ಮತ್ತೆ ಹೋಗಿ ಕೂತರೆ ಏನೂ ಬಾರದಿರುವುದು, ಬಂದರೂ ಬರೀ ಲೋಳೆ ಅಥವಾ ರಕ್ತ ಬರುವುದು. ಇದನ್ನು ಜನ ಹೇಳಿಕೊಳ್ಳುವುದೇ ಕಡಿಮೆ, ಆದರೆ ಗುದನಾಳದ ಗಡ್ಡೆಗೆ ಇದು ಮುಖ್ಯ ಸುಳಿವು. ಮಲ ಪೆನ್ಸಿಲ್‌ನಷ್ಟು ತೆಳ್ಳಗೆ ಬರುವುದರ ಬಗ್ಗೆ ಎಲ್ಲ ಕಡೆ ಬರೆಯುತ್ತಾರೆ. ಒಂದೆರಡು ದಿನ ಹಾಗೆ ಆದರೆ ಅದಕ್ಕೆ ಅರ್ಥ ಇಲ್ಲ. ದಿನಾ ಹಾಗೇ ಆಗುತ್ತಿದ್ದು, ಜೊತೆಗೆ ರಕ್ತವೋ ನೋವೋ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 5: ಕಾಣದ ರಕ್ತ ಹುಡುಕುವುದು

ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆಯಾದರೆ ಕಾಲು ಎಳೆಯುತ್ತದೆ. ಮುಖ ಬಿಳಿಚಿಕೊಂಡಿದೆ ಅಂತ ನೋಡಿದವರೆಲ್ಲ ಹೇಳುತ್ತಾರೆ. ವಯಸ್ಸಾಯಿತು, ಕೆಲಸ ಜಾಸ್ತಿ, ನಿದ್ದೆ ಕಡಿಮೆ ಅಂತ ನಾವೇ ಕಾರಣ ಜೋಡಿಸಿಕೊಳ್ಳುತ್ತೇವೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬರುತ್ತದೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ, ಮೂರು ತಿಂಗಳಲ್ಲಿ ಏರುತ್ತದೆ. ಎಲ್ಲರಿಗೂ ಸಮಾಧಾನ.

ಆದರೆ ಕಬ್ಬಿಣ ಎಲ್ಲಿ ಸೋರಿಹೋಯಿತು ಅಂತ ಯಾರೂ ಕೇಳಲಿಲ್ಲ, ಅಲ್ವಾ? ತೊಟ್ಟಿಯಲ್ಲಿ ತೂತು ಬಿದ್ದಿರುವಾಗ ಮೇಲಿನಿಂದ ನೀರು ಸುರಿದ ಹಾಗೆ ಇದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13ಕ್ಕಿಂತ, ಗರ್ಭಿಣಿಯರಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಜೊತೆಗೆ ಫೆರಿಟಿನ್ ಪರೀಕ್ಷೆ, ಅಂದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಮಾಡಿಸಿದರೆ ಕೊರತೆ ಕಬ್ಬಿಣದ್ದೇ ಅನ್ನುವುದು ಗೊತ್ತಾಗುತ್ತದೆ. ಮುಟ್ಟಾಗುವ ಹೆಂಗಸರಲ್ಲಿ ಇದಕ್ಕೆ ಮಾಮೂಲು ಕಾರಣ ಮುಟ್ಟಿನ ರಕ್ತಸ್ರಾವ. ಗಂಡಸರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ ಹಾಗೆ ತಿಂಗಳು ತಿಂಗಳು ರಕ್ತ ಹೋಗುವ ದಾರಿ ಇಲ್ಲ. ಅವರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ, ಹೊಟ್ಟೆಯ ಯಾವ ತೊಂದರೆ ಇಲ್ಲದಿದ್ದರೂ, ಜಠರ ಮತ್ತು ಕರುಳು ಎರಡನ್ನೂ ನೋಡಿಸಬೇಕು. ಡಾಕ್ಟರು ಬರೀ ಮಾತ್ರೆ ಬರೆದುಕೊಟ್ಟರೆ "ಕಾರಣ ಏನು ಸಾರ್?" ಅಂತ ಕೇಳಲು ಹಿಂಜರಿಯಬೇಡಿ. ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹೆಜ್ಜೆ 6: ನೋವು, ತೂಕ, ಗಂಟು

ಇವು ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಬರುವಂಥವು. ಬಂದು ಹೋಗುವ ಹಿಡಿತದಂಥ ನೋವು, ಊಟದ ನಂತರ ಹೊಟ್ಟೆ ಉಬ್ಬರ, ಬಲಗಡೆ ಕೆಳಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು. ತೂಕ ಇಳಿಸಲು ಏನೂ ಮಾಡದೆ ಆರೇಳು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 70 ಕೆಜಿ ಇದ್ದವರು ಮೂರೂವರೆ ಕೆಜಿ ಇಳಿದರೆ, ಅದಕ್ಕೆ ಕಾರಣ ಹುಡುಕಲೇಬೇಕು.

ಹೊಟ್ಟೆ ಬಿಗಿದು ಉಬ್ಬಿ, ಮೋಷನ್ ಇರಲಿ ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಕರುಳು ಪೂರ್ತಿ ಕಟ್ಟಿರಬಹುದು. ರಕ್ತ ಧಾರಾಕಾರ ಹೋಗಿ ತಲೆ ತಿರುಗಿದರೂ ಅಷ್ಟೇ. ಬೆಳಗಾಗಲಿ ಅಂತ ಕಾಯಬೇಡಿ, ತುರ್ತು ವಿಭಾಗಕ್ಕೆ ಹೋಗಿ.

ಹೆಜ್ಜೆ 7: ನಿಮ್ಮ ಅಪಾಯ ಎಷ್ಟು ಅಂತ ಲೆಕ್ಕ ಹಾಕಿ

2022ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಇದು ಹೆಚ್ಚಾಗಿ 50 ದಾಟಿದವರ ಕಾಯಿಲೆ. ಆದರೆ ಹಲವು ದೇಶಗಳಲ್ಲಿ 50ರ ಒಳಗಿನವರಲ್ಲಿ ಏರುತ್ತಿದೆ. ಅದಕ್ಕೇ ಅಮೆರಿಕದಲ್ಲಿ ಸ್ಕ್ರೀನಿಂಗ್, ಅಂದರೆ ಯಾವ ಲಕ್ಷಣ ಇಲ್ಲದವರಿಗೂ ಮಾಡುವ ತಪಾಸಣೆ ಶುರು ಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. 'ಬ್ಲ್ಯಾಕ್ ಪ್ಯಾಂಥರ್' ನಟ ಚಾಡ್‌ವಿಕ್ ಬೋಸ್‌ಮನ್‌ಗೆ 2016ರಲ್ಲಿ ಕಾಯಿಲೆ ಗೊತ್ತಾದಾಗ ಅದು ಆಗಲೇ ಮೂರನೇ ಹಂತದಲ್ಲಿತ್ತು. 2020ರಲ್ಲಿ ತೀರಿಕೊಂಡಾಗ ವಯಸ್ಸು 43.

ಚಿಕ್ಕ ವಯಸ್ಸಿನವರಿಗಾಗಿ 2023ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನಾಲ್ಕು ಸೂಚನೆ ಗುರುತಿಸಿತು: ಹೊಟ್ಟೆ ನೋವು, ಗುದದ್ವಾರದಿಂದ ರಕ್ತ, ಭೇದಿ, ಕಬ್ಬಿಣದ ಕೊರತೆಯ ರಕ್ತಹೀನತೆ. ಕಾಯಿಲೆ ಪತ್ತೆಯಾಗುವ ಮೂರು ತಿಂಗಳಿಂದ ಎರಡು ವರ್ಷದ ಮುಂಚೆಯೇ ಇವು ಕಾಣಿಸಿಕೊಂಡಿದ್ದವು. ಒಂದು ಸೂಚನೆ ಇದ್ದರೆ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು, ಮೂರು ಅಥವಾ ಹೆಚ್ಚು ಸೇರಿದರೆ ಆರು ಪಟ್ಟಿಗೂ ಮೀರಿ. ನಾನು ಮೊದಲೇ ಕೇಳಿದ ಮೂರನೇ ಪ್ರಶ್ನೆ ಈಗ ನೆನಪಿಗೆ ಬಂತಾ? ಜೊತೆಗೆ ಇನ್ನೇನು ಸೇರಿದೆ ಅನ್ನುವುದೇ ಲೆಕ್ಕಕ್ಕೆ ಬರುವುದು.

ಮನೆತನದ ವಿಷಯ ಕೇಳಿ ಇಟ್ಟುಕೊಳ್ಳಿ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಲ್ಲಿ ಯಾರಿಗಾದರೂ ಬಂದಿತ್ತೇ, ಎಷ್ಟನೇ ವಯಸ್ಸಿಗೆ? ಬಂದಿದ್ದರೆ ನಿಮ್ಮ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) 40ಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ. ಅಪ್ಪನಿಗೆ 46ಕ್ಕೆ ಗೊತ್ತಾಗಿದ್ದರೆ ಮಗನಿಗೆ, ಮಗಳಿಗೆ 36. ಲಿಂಚ್ ಸಿಂಡ್ರೋಮ್‌ನಂಥ ಆನುವಂಶಿಕ ತೊಂದರೆ ಇರುವ ಮನೆತನಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಕೂಡ ಜಾಸ್ತಿ. ಅದನ್ನೂ ಹೇಳಿ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್‌ನಂಥ ಕರುಳಿನ ಉರಿಯೂತದ ಕಾಯಿಲೆ ಇರುವವರಿಗೆ ತಪಾಸಣೆಯ ಲೆಕ್ಕವೇ ಬೇರೆ, ಅವರ ಡಾಕ್ಟರನ್ನೇ ಕೇಳಬೇಕು. ಸಿಗರೇಟು, ಮದ್ಯ, ಬೊಜ್ಜು, ಸಂಸ್ಕರಿಸಿದ ಮಾಂಸ ಎಲ್ಲವೂ ಅಪಾಯ ಏರಿಸುತ್ತವೆ. ಆದರೆ ಇವು ಯಾವುದೂ ಇಲ್ಲದವರಿಗೂ ಬರುತ್ತದೆ. ನನಗೆ ಯಾವ ಚಟವೂ ಇಲ್ಲ ಅನ್ನುವುದು ರಕ್ತ ಕಂಡಾಗ ಸುಮ್ಮನಿರಲು ಕಾರಣ ಅಲ್ಲ.

ಹೆಜ್ಜೆ 8: ಡಾಕ್ಟರ ಎದುರು ಹೇಗೆ ಹೇಳಬೇಕು

ಎರಡು ವಾರ ಒಂದು ಚೀಟಿಯಲ್ಲಿ ಬರೆದಿಡಿ. ತಾರೀಕು, ಎಷ್ಟು ಸಲ, ಯಾವ ಹದ, ರಕ್ತ ಇತ್ತಾ, ನೋವಿತ್ತಾ. ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಬರೆಯಿರಿ, ಮುಖ್ಯವಾಗಿ ರಕ್ತ ತೆಳುವಾಗಿಸುವವು ಮತ್ತು ಕಬ್ಬಿಣದವು. ರಕ್ತ ಜಾಸ್ತಿ ಇದ್ದರೆ ಎರಡು ವಾರ ಬರೆಯುತ್ತಾ ಕೂರಬೇಡಿ, ನೇರ ಹೋಗಿ.

ಒಳಗೆ ಹೋದ ಮೇಲೆ "ಹೊಟ್ಟೆ ಸರಿ ಇಲ್ಲ" ಅಂತ ಶುರು ಮಾಡಿದರೆ ಗ್ಯಾಸಿನ ಮಾತ್ರೆ ಕೈಗೆ ಬರುತ್ತದೆ. "ಐದು ವಾರದಿಂದ ವಾರಕ್ಕೆ ಮೂರು ಸಲ ಮಲದಲ್ಲಿ ಬೆರೆತ ರಕ್ತ ಬರ್ತಾ ಇದೆ, ಮೊದಲು ಹೀಗಿರಲಿಲ್ಲ" ಅಂತ ಹೇಳಿದರೆ ಮಾತು ಬೇರೆ ದಾರಿಗೆ ಹೋಗುತ್ತದೆ. ಡಾಕ್ಟರು ಗ್ಲೌಸ್ ಹಾಕಿದ ಬೆರಳಿನಿಂದ ಗುದದ್ವಾರ ಪರೀಕ್ಷೆ ಮಾಡಬೇಕು ಅಂದರೆ ಒಪ್ಪಿಕೊಳ್ಳಿ. ಒಂದು ನಿಮಿಷದ ಮುಜುಗರ. ಗುದನಾಳದ ಕೆಳಗಿನ ಗಡ್ಡೆ ಬೆರಳಿಗೆ ಸಿಗುತ್ತದೆ. ಪರೀಕ್ಷೆಯನ್ನೇ ಮಾಡದೆ ಪೈಲ್ಸ್ ಅಂದುಬಿಟ್ಟರೆ, "ಒಂದು ಸಲ ನೋಡಿ ಹೇಳ್ತೀರಾ?" ಅಂತ ನೀವೇ ಕೇಳಿ. ಕೊಟ್ಟ ಔಷಧಿಯಿಂದ ರಕ್ತ ನಿಲ್ಲದಿದ್ದರೆ ಮತ್ತೆ ಹೋಗಿ. ಎರಡನೇ ಅಭಿಪ್ರಾಯ ಕೇಳುವುದು ಅವಮಾನ ಮಾಡಿದ ಹಾಗಲ್ಲ.

ಹೆಜ್ಜೆ 9: ಪರೀಕ್ಷೆಗಳು

ಫಿಟ್ ಅನ್ನುವುದು ಮಲದಲ್ಲಿ ಕಣ್ಣಿಗೆ ಕಾಣದ ಮನುಷ್ಯರ ರಕ್ತ ಹುಡುಕುವ ಪರೀಕ್ಷೆ. ಮನೆಯಲ್ಲೇ ಸ್ಯಾಂಪಲ್ ತೆಗೆಯಬಹುದು, ಪಥ್ಯ ಬೇಕಿಲ್ಲ. ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ, ಕೊಲೊನೋಸ್ಕೋಪಿ ಬೇಕು ಅಂತ ಅರ್ಥ. ಇನ್ನೊಂದು ಸಲ ಮಾಡಿಸಿ ನೆಗೆಟಿವ್ ಬಂತು ಅಂತ ಬಿಟ್ಟುಬಿಡುವುದು ದೊಡ್ಡ ತಪ್ಪು. ಗಡ್ಡೆಯಿಂದ ದಿನಾ ರಕ್ತ ಬರುವುದಿಲ್ಲ. ಸಿಇಎ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ನಿಶ್ಚಿಂತೆಯಿಂದ ಇರುವವರೂ ಇದ್ದಾರೆ. ಶುರುವಿನ ಹಂತದಲ್ಲಿ ಅದು ಮಾಮೂಲಾಗಿಯೇ ಬರಬಹುದು. ಕಾಯಿಲೆ ಖಚಿತವಾದ ಮೇಲೆ ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡಲು ಅದರ ಉಪಯೋಗ.

ಕೊಲೊನೋಸ್ಕೋಪಿಗೆ ಜನ ಹೆದರುತ್ತಾರೆ. ಅಮೆರಿಕದ ಟಿವಿ ನಿರೂಪಕಿ ಕೇಟಿ ಕೌರಿಕ್ ಅವರ ಗಂಡ 1998ರಲ್ಲಿ, 42ನೇ ವಯಸ್ಸಿಗೆ ಇದೇ ಕಾಯಿಲೆಯಿಂದ ತೀರಿಕೊಂಡರು. 2000ದಲ್ಲಿ ಆಕೆ ತನ್ನ ಕೊಲೊನೋಸ್ಕೋಪಿಯನ್ನು ಟಿವಿಯಲ್ಲೇ ತೋರಿಸಿದರು. ಅದಾದ ಮೇಲೆ ಆ ದೇಶದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವವರ ಸಂಖ್ಯೆ ಏರಿತು.

ನಿಜ ಹೇಳಬೇಕೆಂದರೆ ಪರೀಕ್ಷೆಗಿಂತ ಅದರ ಹಿಂದಿನ ದಿನವೇ ಕಷ್ಟ. ಕರುಳು ಪೂರ್ತಿ ತೊಳೆಯುವ ಪುಡಿಯನ್ನು ಲೀಟರುಗಟ್ಟಲೆ ನೀರಿನಲ್ಲಿ ಕುಡಿದು ಶೌಚಾಲಯಕ್ಕೂ ಕೋಣೆಗೂ ಓಡಾಡುತ್ತಲೇ ಇರಬೇಕು. ಅರ್ಧ ಕುಡಿದು ನಿಲ್ಲಿಸಿದರೆ ಒಳಗೆ ಏನೂ ಕಾಣುವುದಿಲ್ಲ, ಇನ್ನೊಂದು ಸಲ ಮಾಡಬೇಕಾಗುತ್ತದೆ. ಕಬ್ಬಿಣದ ಮಾತ್ರೆ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಔಷಧಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಬಗ್ಗೆ ಮೊದಲೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಪರೀಕ್ಷೆಗೆ ಸುಮಾರು ಅರ್ಧ ಗಂಟೆ, ಹೆಚ್ಚಾಗಿ ಮಂಪರಿನ ಔಷಧಿ ಕೊಟ್ಟಿರುತ್ತಾರೆ. ಅದಕ್ಕೇ ಜೊತೆಗೊಬ್ಬರು ಇರಲಿ, ಆ ದಿನ ಗಾಡಿ ಓಡಿಸಬೇಡಿ. ಕರುಳಿಗೆ ಗಾಯವಾಗುವಂಥ ಅಪಾಯ ಇದೆ, ಆದರೆ ಬಹಳ ಅಪರೂಪ. ಪಾಲಿಪ್ ಕಂಡರೆ ಹೆಚ್ಚಿನ ಸಲ ಆಗಲೇ ತೆಗೆದುಬಿಡುತ್ತಾರೆ. ಇಲ್ಲಿ ಹೇಳಿದ ಪರೀಕ್ಷೆಗಳಲ್ಲಿ, ಹುಡುಕಲು ಹೋದದ್ದೇ ಚಿಕಿತ್ಸೆಯೂ ಆಗುವುದು ಇದರಲ್ಲಿ ಮಾತ್ರ.

ಗಡ್ಡೆಯೇ ಸಿಕ್ಕರೂ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಅಮೆರಿಕದ ಲೆಕ್ಕದಲ್ಲಿ, ಬೇರೆ ಕಡೆ ಹರಡುವ ಮೊದಲು ಪತ್ತೆಯಾದವರಲ್ಲಿ 100ಕ್ಕೆ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಅದು 20ಕ್ಕಿಂತ ಕೆಳಗೆ ಇಳಿಯುತ್ತದೆ.

ರಿಪೋರ್ಟ್ ಕೈಗೆ ಬಂದಾಗ "ಎಲ್ಲ ನಾರ್ಮಲ್" ಅನ್ನುವ ಒಂದೇ ಮಾತಿಗೆ ಎದ್ದು ಬರಬೇಡಿ. ಕರುಳಿನ ಕೊನೆಯವರೆಗೂ ಕ್ಯಾಮೆರಾ ಹೋಯಿತಾ, ಕರುಳು ಸರಿಯಾಗಿ ಸ್ವಚ್ಛ ಆಗಿತ್ತಾ, ಪಾಲಿಪ್ ಎಷ್ಟಿದ್ದವು, ಎಷ್ಟು ದೊಡ್ಡವು, ಬಯಾಪ್ಸಿ ಏನು ಹೇಳಿತು, ಮುಂದಿನ ಪರೀಕ್ಷೆ ಯಾವಾಗ ಅಂತ ಕೇಳಿ. ಏನೂ ಇಲ್ಲದವರಿಗೆ, ಅಪಾಯವೂ ಸಾಮಾನ್ಯವಾಗಿದ್ದರೆ, ಹತ್ತು ವರ್ಷದ ನಂತರ ಸಾಕು ಅನ್ನಬಹುದು. ಪಾಲಿಪ್ ಇದ್ದವರಿಗೆ ಅದಕ್ಕಿಂತ ಮೊದಲೇ ಕರೆಯುತ್ತಾರೆ. ಆ ವರ್ಷವನ್ನು ರಿಪೋರ್ಟ್‌ನ ಮೇಲೆಯೇ ದಪ್ಪಗೆ ಬರೆದಿಡಿ. ಮತ್ತೆ, ಪಾಲಿಪ್ ಸಿಕ್ಕಿದ್ದರೆ ನಿಮ್ಮ ಅಣ್ಣತಮ್ಮ ಅಕ್ಕತಂಗಿಯರಿಗೂ ಒಂದು ಫೋನ್ ಮಾಡಿ ಹೇಳಿಬಿಡಿ.